ಕಿಡ್ನಿ ಕಲ್ಲನ್ನು ಗುರುತಿಸುವುದು ಹೇಗೆ?

ಕಳೆದ ತಿಂಗಳ ಗೋಡೆ ಪತ್ರಿಕೆಯಲ್ಲಿ ಆರನೇ ತರಗತಿಯವರು ಹಾವು ಕಚ್ಚಿದರೆ ಏನು ಮಾಡಬೇಕು ಎಂದು ಬರೆದಿದ್ದರು. ಅದನ್ನು ಓದಿದ ಮೇಲೆ ನಾನೂ ಒಂದು ಕಾಯಿಲೆಯ ಬಗ್ಗೆ ಬರೆಯುತ್ತೇನೆ ಅಂತ ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. "ಯಾವ ಕಾಯಿಲೆ?" ಅಂದರು. "ಕಿಡ್ನಿ ಕಲ್ಲು ಸಾರ್" ಅಂದೆ. "ಅದು ದೊಡ್ಡವರಿಗೆ ಬರೋದಲ್ವೇನಮ್ಮ?" ಅಂದರು. ದೊಡ್ಡವರಿಗೇ ಹೆಚ್ಚು ಬರುತ್ತದೆ, ಆದರೆ ಮಕ್ಕಳಿಗೂ ಬರುತ್ತದೆ. ಅಲ್ಲದೆ ರಾತ್ರಿ ಹೊತ್ತು ಮನೆಯಲ್ಲಿ ಯಾರಾದರೂ ಹೊಟ್ಟೆ ಹಿಡಿದುಕೊಂಡು ಎದ್ದರೆ ನೋಡುವವರಲ್ಲಿ ನಾವೂ ಇರುತ್ತೇವೆ. ನಮ್ಮ ಮನೆಯಲ್ಲಿ ನಾನಿದ್ದೆ. ಆದರೆ ನನಗೆ ಏನೂ ಗೊತ್ತಾಗಲಿಲ್ಲ, ದೊಡ್ಡವರಿಗೂ ಗೊತ್ತಾಗಲಿಲ್ಲ.

ನಮ್ಮ ಚಿಕ್ಕಪ್ಪ ಕುರಿ ಕಾಯುತ್ತಾರೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದರೆ ಹೊತ್ತು ಮುಳುಗಿದ ಮೇಲೇ ಬರುವುದು. ನಮ್ಮ ಬಯಲುಸೀಮೆಯ ಬಿಸಿಲು ನಿಮಗೆಲ್ಲಾ ಗೊತ್ತಿದೆ. ಅವರ ಹತ್ತಿರ ಇರುವುದು ಒಂದು ಲೀಟರಿನ ಒಂದೇ ಬಾಟಲಿ, ಅದರಲ್ಲೂ ನಾಯಿಗೆ ಸ್ವಲ್ಪ ಹಾಕುತ್ತಾರೆ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ನಡುರಾತ್ರಿ ಅವರು ಎಡಗಡೆ ಪಕ್ಕೆ ಒತ್ತಿಕೊಂಡು ಹಜಾರದಲ್ಲಿ ಓಡಾಡುತ್ತಿದ್ದರು. ಕೂತರೂ ಆಗದು, ಮಲಗಿದರೂ ಆಗದು, ಗೋಡೆಗೆ ಒರಗಿದರೂ ಆಗದು. ಅಜ್ಜಿ ಎದ್ದು, "ವಾಯು ಕಣೋ ಅದು, ಸಂಜೆ ಹಸಿ ಶೇಂಗಾ ತಿಂದಿದ್ಯಲ್ಲ" ಅಂತ ಓಮಿನಕಾಳು ಕುದಿಸಿದ ನೀರು ಕೊಟ್ಟು, ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದಳು. ಅಪ್ಪ ಗ್ಯಾಸಿನ ಪುಡಿ ನೀರಿಗೆ ಹಾಕಿ ಕುಡಿಸಿದರು. ಬೆಳಗಿನ ಜಾವಕ್ಕೆ ನೋವು ನಿಂತಿತು. ಚಿಕ್ಕಪ್ಪ ಎಂಟು ಗಂಟೆಗೆ ಕುರಿ ಹೊಡೆದುಕೊಂಡು ಹೋದರು. ಅದಾದ ಮೇಲೆ ಎರಡು ದಿನ ನಮ್ಮ ಮನೆಯಲ್ಲಿ ಓಮಿನಕಾಳಿನಿಂದ ವಾಸಿ ಆಯ್ತೋ ಗ್ಯಾಸಿನ ಪುಡಿಯಿಂದ ವಾಸಿ ಆಯ್ತೋ ಅಂತ ಅಜ್ಜಿಗೂ ಅಪ್ಪನಿಗೂ ವಾದ.

ಎರಡರಿಂದಲೂ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಕಿಡ್ನಿ ಕಲ್ಲಿನ ನೋವು ತಾನಾಗಿ ಬರುತ್ತದೆ, ತಾನಾಗಿ ನಿಲ್ಲುತ್ತದೆ. ನಿಲ್ಲುವುದಕ್ಕೆ ಮುಂಚೆ ನಾವು ಕೊನೆಗೆ ಏನು ಕೊಟ್ಟಿರುತ್ತೇವೋ ಅದಕ್ಕೆ ಹೆಸರು ಬರುತ್ತದೆ. ಇದೇ ಈ ಕಾಯಿಲೆಯ ದೊಡ್ಡ ಮೋಸ. ನೋವು ಹೋಯಿತು ಅಂದರೆ ಕಲ್ಲು ಹೋಯಿತು ಅಂತ ಅಲ್ಲ.

ಮೊದಲು ಕಿಡ್ನಿ ಎಲ್ಲಿದೆ ಅಂತ ತಿಳಿದುಕೊಳ್ಳೋಣ. ನಮ್ಮ ತರಗತಿಯಲ್ಲಿ ಕೇಳಿದಾಗ ಬಹಳ ಜನ ಹೊಕ್ಕುಳ ಹತ್ತಿರ ಕೈ ಇಟ್ಟರು. ಅದು ತಪ್ಪು. ಕಿಡ್ನಿ, ಅಂದರೆ ಮೂತ್ರಪಿಂಡಗಳು ಎರಡಿವೆ. ಅವು ಬೆನ್ನಿನ ಕಡೆ, ಪಕ್ಕೆಲುಬು ಮುಗಿಯುವ ಜಾಗದಲ್ಲಿ, ಬೆನ್ನುಮೂಳೆಯ ಆ ಕಡೆ ಒಂದು ಈ ಕಡೆ ಒಂದು ಇವೆ. ಆಕಾರ ಅವರೆಕಾಳಿನ ಹಾಗೆ, ಗಾತ್ರ ಮುಷ್ಟಿಯಷ್ಟು. ಪಕ್ಕದ ಚಿತ್ರ ನಾನೇ ಬರೆದದ್ದು. ಅದರಲ್ಲಿ ಬಲಗಡೆಯದು ಸ್ವಲ್ಪ ಕೆಳಗಿದೆ, ಅದು ನಾನು ತಪ್ಪಾಗಿ ಬರೆದದ್ದಲ್ಲ. ಮೇಲೆ ಯಕೃತ್ತು ಇರುವುದರಿಂದ ಬಲ ಮೂತ್ರಪಿಂಡ ನಿಜವಾಗಿಯೂ ಸ್ವಲ್ಪ ಕೆಳಗೇ ಇರುತ್ತದೆ.

ದೊಡ್ಡವರ ಎರಡೂ ಮೂತ್ರಪಿಂಡ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಹತ್ತು ಲೀಟರಿನ ಕೊಡದಲ್ಲಿ ಹದಿನೆಂಟು ಕೊಡ! ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ವಾಪಸ್ ರಕ್ತಕ್ಕೇ ಕೊಟ್ಟು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ಬೇಡವಾದ ಲವಣಗಳು ಈ ನೀರಿನಲ್ಲಿ ಕರಗಿ ಹೋಗಬೇಕು. ಬಿಸಿಲಿನಲ್ಲಿ ಬೆವರಾಗಿ ನೀರು ಹೊರಟುಹೋದರೆ, ಮೇಲೆ ಕುಡಿಯುವುದೂ ಕಡಿಮೆಯಾದರೆ, ಲವಣ ಅಷ್ಟೇ ಇರುತ್ತದೆ, ಕರಗಿಸುವ ನೀರು ಕಡಿಮೆ ಇರುತ್ತದೆ. ಮೇಷ್ಟ್ರು ನಮಗೆ ಲೋಟದ ನೀರಿಗೆ ಉಪ್ಪು ಹಾಕುತ್ತಾ ಹೋಗಿ, ಇನ್ನು ಕರಗದೆ ತಳದಲ್ಲಿ ನಿಂತದ್ದನ್ನು ತೋರಿಸಿದ್ದರಲ್ಲ, ಹಾಗೆ. ಮೊದಲು ಕಣ್ಣಿಗೆ ಕಾಣದ ಹರಳು, ಆಮೇಲೆ ಅದಕ್ಕೆ ಇನ್ನಷ್ಟು ಅಂಟಿಕೊಂಡು ಕಲ್ಲು. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್ ಎನ್ನುವುದರಿಂದ ಆಗಿರುತ್ತವೆ. ಯೂರಿಕ್ ಆಮ್ಲದ ಕಲ್ಲುಗಳೂ ಇವೆ, ಸೋಂಕಿನಿಂದ ಆಗುವ ಕಲ್ಲುಗಳೂ ಇವೆ.

ಕಲ್ಲು ಮೂತ್ರಪಿಂಡದೊಳಗೆ ಸುಮ್ಮನೆ ಕೂತಿದ್ದರೆ ಬಹಳ ಸಲ ನೋವೇ ಇರುವುದಿಲ್ಲ. ವರ್ಷಗಟ್ಟಲೆ ಇದ್ದರೂ ಗೊತ್ತಾಗದೆ ಇರಬಹುದು. ಅದು ಜಾರಿ ಮೂತ್ರನಾಳಕ್ಕೆ ಬಂದಾಗ ಕಷ್ಟ ಶುರು. ಮೂತ್ರನಾಳ ಅಂದರೆ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವ ಕೊಳವೆ. ಉದ್ದ ಸುಮಾರು 25 ಸೆಂಟಿಮೀಟರ್, ನಮ್ಮ ಸ್ಕೇಲಿಗಿಂತ ಸ್ವಲ್ಪ ಕಡಿಮೆ. ದಪ್ಪ 3ರಿಂದ 4 ಮಿಲಿಮೀಟರ್, ಹೆಚ್ಚುಕಡಿಮೆ ಪೆನ್ನಿನ ರೀಫಿಲ್‌ನಷ್ಟು. ಅದರೊಳಗೆ ಹೆಸರುಕಾಳಿನಷ್ಟು ಕಲ್ಲು ಸಿಕ್ಕಿಕೊಂಡರೆ ಹೇಗಾಗಬೇಡ! ತೋಟದ ಡ್ರಿಪ್ ಪೈಪಿನಲ್ಲಿ ಕಸ ಕಟ್ಟಿದರೆ ಹಿಂದಿನ ಪೈಪು ಉಬ್ಬುತ್ತದಲ್ಲ, ಹಾಗೆಯೇ ಮೂತ್ರ ಹಿಂದೆ ನಿಂತು ಮೂತ್ರಪಿಂಡ ಉಬ್ಬುತ್ತದೆ. ಕಲ್ಲನ್ನು ತಳ್ಳಬೇಕೆಂದು ಕೊಳವೆ ಹಿಂಡುತ್ತದೆ. ಹಿಂಡಿದಾಗ ನೋವು, ಬಿಟ್ಟಾಗ ಸ್ವಲ್ಪ ಸಮಾಧಾನ. ಅದಕ್ಕೇ ಈ ನೋವು ಅಲೆಅಲೆಯಾಗಿ ಬರುವುದು.

ಈಗ ಗುರುತಿಸುವ ವಿಷಯ. ಬಸವ ಜಯಂತಿ ಆದ ಮೇಲೆ ಚಿಕ್ಕಪ್ಪನಿಗೆ ಎರಡನೇ ಸಲ ನೋವು ಬಂತು. ಈ ಸಲ ಎರಡು ಸಾರಿ ವಾಂತಿ ಆಯಿತು. ಬೆಳಿಗ್ಗೆ ಒಂದಕ್ಕೆ ಹೋಗಿ ಬಂದವರು ಅಪ್ಪನನ್ನು ಪಕ್ಕಕ್ಕೆ ಕರೆದು, "ಅಣ್ಣ, ಕೆಂಪಗೆ ಹೋಗ್ತೈತೆ" ಅಂದರು. ಆವತ್ತು ಅಪ್ಪ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು, ಹಿಂದೆ ಬಸ್ಸಿನಲ್ಲಿ ಚಿಕ್ಕಮ್ಮನೂ ನಾನೂ ಹೋದೆವು. ಡಾಕ್ಟರು ಕೇಳಿದ ಪ್ರಶ್ನೆಗಳನ್ನು ನಾನು ನೆನಪಿಟ್ಟುಕೊಂಡು ಬಂದು ನೋಟ್‌ಬುಕ್ಕಿನಲ್ಲಿ ಬರೆದೆ.

ನೋವು ಎಲ್ಲಿ ಶುರುವಾಯಿತು ಅಂತ ಮೊದಲು ಕೇಳಿದರು. ಚಿಕ್ಕಪ್ಪ ಬೆನ್ನಿನ ಎಡಪಕ್ಕೆ ತೋರಿಸಿದರು. ಆಮೇಲೆ ಎಲ್ಲಿಗೆ ಹೋಯಿತು ಅಂದರು. ಚಿಕ್ಕಪ್ಪ ಪಕ್ಕೆಯಿಂದ ಬೆರಳನ್ನು ಓರೆಯಾಗಿ ಕಿಬ್ಬೊಟ್ಟೆಗೆ, ಅಲ್ಲಿಂದ ತೊಡೆಸಂದಿಗೆ ಎಳೆದು ತೋರಿಸಿದರು. ಡಾಕ್ಟರು ತಲೆ ಆಡಿಸಿದರು. ಕಲ್ಲು ಕೆಳಗೆ ಇಳಿದ ಹಾಗೆ ನೋವೂ ಇಳಿಯುತ್ತದಂತೆ. ಕಲ್ಲು ಮೂತ್ರಕೋಶದ ಹತ್ತಿರ ಬಂದಾಗ ಪದೇಪದೇ ಒಂದಕ್ಕೆ ಹೋಗಬೇಕು ಅನ್ನಿಸುತ್ತದೆ, ಹೋದರೆ ನಾಲ್ಕು ಹನಿ, ಜೊತೆಗೆ ಉರಿ. ನೋವು ಬಂದಾಗ ಮಲಗಿದ್ದಿರೋ ಓಡಾಡುತ್ತಿದ್ದಿರೋ ಅಂತಲೂ ಕೇಳಿದರು. ನನಗೆ ಆ ಪ್ರಶ್ನೆ ಯಾಕೆ ಅಂತ ಅರ್ಥವಾಗಲಿಲ್ಲ. ಕೇಳಿಯೇ ಬಿಟ್ಟೆ. ಅವರು ಬೈಯಲಿಲ್ಲ, ಹೇಳಿದರು.

ಕಿಡ್ನಿ ಕಲ್ಲಿನ ನೋವಿರುವವರು ಒಂದು ಕಡೆ ನಿಲ್ಲುವುದಿಲ್ಲ, ಹೊರಳಾಡುತ್ತಾರೆ, ಓಡಾಡುತ್ತಾರೆ. ಯಾವ ಮಗ್ಗುಲಿಗೂ ಸುಖ ಇಲ್ಲ. ಆದರೆ ಅಪೆಂಡಿಕ್ಸ್ ಊದಿಕೊಂಡವರು ಅಲುಗಾಡದೆ ಮಲಗುತ್ತಾರೆ, ಯಾಕೆಂದರೆ ಅಲುಗಾಡಿದರೆ, ಕೆಮ್ಮಿದರೆ ನೋವು ಜಾಸ್ತಿ. ಅದು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಶುರುವಾಗಿ ಆಮೇಲೆ ಬಲಗಡೆ ಕಿಬ್ಬೊಟ್ಟೆಗೆ ಬಂದು ಅಲ್ಲೇ ನಿಲ್ಲುತ್ತದೆ. ಮೂಟೆ ಎತ್ತಿ ಬೆನ್ನು ಹಿಡಿದುಕೊಂಡಿದ್ದರೆ ಬಗ್ಗಿದಾಗ ನೋಯುತ್ತದೆ, ಒಂದು ರೀತಿಯಲ್ಲಿ ಮಲಗಿದರೆ ಕಡಿಮೆಯಾಗುತ್ತದೆ. ಗ್ಯಾಸಿನ ನೋವು ಹೊಟ್ಟೆಯಲ್ಲಿ ಅಲ್ಲಿ ಇಲ್ಲಿ ಓಡಾಡುತ್ತದೆ, ತೇಗು ಬಂದರೆ ಹಗುರ. ಹೀಗೆ ನೋಡಿದರೆ ನಮ್ಮ ಅಜ್ಜಿ ಮೊದಲ ರಾತ್ರಿಯೇ ಗುರುತಿಸಬಹುದಿತ್ತು. ಆದರೆ ಒಂದು ಮಾತು. ಇದೆಲ್ಲಾ ಅನುಮಾನ ಪಡುವುದಕ್ಕೆ ಮಾತ್ರ. ಪುಸ್ತಕದಲ್ಲಿದ್ದ ಹಾಗೇ ಎಲ್ಲರಿಗೂ ನೋವು ಬರುವುದಿಲ್ಲ. ಸಣ್ಣ ಮಕ್ಕಳು ಬರೀ ಹೊಟ್ಟೆನೋವು ಅಂತ ಅಳಬಹುದು. ಕಲ್ಲೋ ಅಲ್ಲವೋ ಅಂತ ಹೇಳಬೇಕಾದ್ದು ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ನೋಡಿ ಡಾಕ್ಟರು.

ರಕ್ತದ ವಿಷಯ. ಮೂತ್ರ ಕೆಂಪಗೆ, ಗುಲಾಬಿ ಬಣ್ಣಕ್ಕೆ ಅಥವಾ ಕಂದು ಬಣ್ಣಕ್ಕೆ ಹೋಗಬಹುದು. ಕಲ್ಲು ಒಳಗೆ ಗೀರುವುದರಿಂದ ಹಾಗಾಗುತ್ತದೆ. ಬೀಟ್‌ರೂಟ್ ತಿಂದರೂ ಕೆಲವರಿಗೆ ಕೆಂಪಗೆ ಹೋಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಬೀಟ್‌ರೂಟ್ ತಿನ್ನದೆ ಕೆಂಪಗೆ ಹೋದರೆ, ನೋವಿಲ್ಲದಿದ್ದರೂ, ತೋರಿಸಲೇಬೇಕು. ಇನ್ನೊಂದು, ರಕ್ತ ಕಣ್ಣಿಗೆ ಕಾಣದಷ್ಟು ಕಡಿಮೆಯೂ ಇರಬಹುದು. ಆಗ ಸೂಕ್ಷ್ಮದರ್ಶಕದಲ್ಲಿ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಮೂತ್ರ ತಿಳಿಯಾಗಿದೆ, ಕಲ್ಲಿಲ್ಲ ಅಂತ ಮನೆಯಲ್ಲೇ ತೀರ್ಮಾನ ಮಾಡಬಾರದು.

ಇಷ್ಟು ಹೊತ್ತು ಹೇಳಿದ ಲಕ್ಷಣ ಕಂಡರೆ ಬೆಳಿಗ್ಗೆ ಆಸ್ಪತ್ರೆಗೆ ಹೋದರೂ ನಡೆಯುತ್ತದೆ. ಆದರೆ ಬೆಳಗಾಗಲಿ ಅಂತ ಕಾಯಬಾರದ ಲಕ್ಷಣಗಳೂ ಇವೆ. ದಯವಿಟ್ಟು ಇದನ್ನು ಎರಡು ಸಲ ಓದಿ. ಪಕ್ಕೆನೋವಿನ ಜೊತೆ ಚಳಿಜ್ವರ ಬಂದರೆ ಆಗಲೇ ಹೊರಡಬೇಕು. ಕಲ್ಲು ಅಡ್ಡ ನಿಂತು ಹಿಂದೆ ತುಂಬಿದ ಮೂತ್ರಕ್ಕೆ ಸೋಂಕು ತಗುಲಿದೆ ಅಂತ ಅದರ ಅರ್ಥ. ಅದು ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ನಮ್ಮ ಕಡೆ ಚಳಿಜ್ವರ ಅಂದ ಕೂಡಲೇ ಮಲೇರಿಯಾ ಅಂದುಕೊಂಡು ಕಂಬಳಿ ಹೊದಿಸಿ ಮಲಗಿಸುತ್ತಾರೆ. ಮೂತ್ರ ಪೂರ್ತಿ ನಿಂತುಹೋದರೆ, ಕುಡಿದ ನೀರೂ ನಿಲ್ಲದೆ ವಾಂತಿಯಾಗುತ್ತಿದ್ದರೆ, ನೋವು ತಡೆಯಲಾರದಷ್ಟಿದ್ದರೆ, ಬಸುರಿ ಹೆಂಗಸಿಗೆ ಈ ನೋವು ಬಂದರೆ, ಮೊದಲೇ ಒಂದೇ ಮೂತ್ರಪಿಂಡ ಇರುವವರಿಗೆ ಬಂದರೆ, ಆಗಲೂ ಕಾಯಬಾರದು. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಬೇಕು.

ಚಿಕ್ಕಪ್ಪನಿಗೆ ಜ್ವರ ಇರಲಿಲ್ಲ. ಹೊಟ್ಟೆಯ ಮೇಲೆ ತಣ್ಣಗಿನ ಅಂಟು ಹಚ್ಚಿ ಸ್ಕ್ಯಾನಿಂಗ್ ಮಾಡಿದರು. ಅದರಲ್ಲಿ ಶಬ್ದದ ಅಲೆ ಕಳಿಸಿ, ವಾಪಸ್ ಬರುವ ಅಲೆಯಿಂದ ಚಿತ್ರ ಮಾಡುತ್ತಾರೆ. ಬಾವಲಿ ಕತ್ತಲಲ್ಲಿ ದಾರಿ ನೋಡುವ ಪಾಠ ನೆನಪು ಮಾಡಿಕೊಳ್ಳಿ. ಎಡ ಮೂತ್ರನಾಳದ ಕೆಳತುದಿಯಲ್ಲಿ 5 ಮಿಲಿಮೀಟರ್ ಕಲ್ಲು, ಎಡ ಮೂತ್ರಪಿಂಡ ಸ್ವಲ್ಪ ಊದಿದೆ ಅಂತ ಬಂತು. 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳು ಹೆಚ್ಚಾಗಿ ತಾವೇ ಬಿದ್ದುಹೋಗುತ್ತವೆ, 10 ಮಿಲಿಮೀಟರಿಗಿಂತ ದೊಡ್ಡವು ಬೀಳುವುದು ಅಪರೂಪ. ಚಿಕ್ಕಪ್ಪನದು ಗಡಿಯಲ್ಲಿತ್ತು. ಮಾತ್ರೆ ಕೊಟ್ಟು, ಕಲ್ಲು ಬೀಳುವವರೆಗೆ ಮೂತ್ರವನ್ನು ಸೋಸಿ ನೋಡಿ ಅಂದರು. ಅಪ್ಪ ಚಹಾ ಸೋಸುವ ಜಾಲರಿ ಹೊಸದು ಒಂದು ತಂದರು. ಅಜ್ಜಿ ಅದನ್ನು ಅಡಿಗೆ ಮನೆ ಕಡೆಗೇ ಬಿಡಲಿಲ್ಲ, ಬಚ್ಚಲ ಹೊರಗೆ ಮೊಳೆ ಹೊಡೆಸಿ ನೇತುಹಾಕಿಸಿದಳು.

"ಶಿವರಾತ್ರಿ ಹೊತ್ತಿಗೇ ಯಾಕೆ ಬರಲಿಲ್ಲ?" ಅಂತ ಡಾಕ್ಟರು ಕೇಳಿದಾಗ ಚಿಕ್ಕಪ್ಪ, "ವಾಸಿ ಆಗಿತ್ತಲ್ಲ ಸಾರ್" ಅಂದರು. ನೋವಿಲ್ಲದೆಯೂ ಕಲ್ಲು ಅಡ್ಡ ನಿಂತಿರಬಹುದು, ಹಾಗೆ ಬಹಳ ದಿನ ಇದ್ದರೆ ಆ ಕಡೆಯ ಮೂತ್ರಪಿಂಡ ಸದ್ದಿಲ್ಲದೆ ಕೆಟ್ಟುಹೋಗುತ್ತದೆ ಅಂತ ಡಾಕ್ಟರು ಹೇಳಿದರು. ನಮ್ಮೂರಿನಲ್ಲೇ ಒಬ್ಬರಿಗೆ ಹಾಗಾಗಿದೆ. ಹೆಸರು ಬರೆಯಬೇಡ ಅಂದಿದ್ದಾರೆ. ಅವರಿಗೆ ಮೂರು ಸಲ ಇಂಥ ನೋವು ಬಂತು, ಮೂರು ಸಲವೂ ಅಂಗಡಿಯ ನೋವಿನ ಮಾತ್ರೆ ನುಂಗಿದರು. ಆಮೇಲೆ ನೋವೇ ಬರಲಿಲ್ಲ. ಎರಡು ವರ್ಷ ಆರಾಮಾಗಿದ್ದೀನಿ ಅಂದುಕೊಂಡಿದ್ದರು. ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಒಂದು ಮೂತ್ರಪಿಂಡ ಸುಕ್ಕುಗಟ್ಟಿ ಕೆಲಸ ನಿಲ್ಲಿಸಿತ್ತು. ಈಗ ಇನ್ನೊಂದರಲ್ಲೇ ಇದ್ದಾರೆ. ಒಂದೇ ಇದ್ದರೂ ಬದುಕಬಹುದು, ಅವರು ಹೊಲಕ್ಕೂ ಹೋಗುತ್ತಾರೆ. ಆದರೆ "ಆವತ್ತು ನೋವು ಇನ್ನೊಂದಿಷ್ಟು ಇದ್ದಿದ್ರೆ ಆಸ್ಪತ್ರೆಗೆ ಹೋಗ್ತಿದ್ದೆ ಕಣೆ" ಅಂದರು. ನೋವು ಬೇಕಿತ್ತು ಅಂದವರನ್ನು ನಾನು ನೋಡಿದ್ದು ಅವರೊಬ್ಬರನ್ನೇ. ಅಂಗಡಿಯ ನೋವಿನ ಮಾತ್ರೆಗಳನ್ನು ಪದೇಪದೇ ನುಂಗಿದರೆ ಅದರಿಂದಲೂ ಮೂತ್ರಪಿಂಡಕ್ಕೆ ಕೆಡುಕಾಗಬಹುದು.

ಚಿಕ್ಕಪ್ಪನಿಗೆ ಕಲ್ಲು ಅಂತ ಗೊತ್ತಾದ ಮೇಲೆ ಊರಿನವರೆಲ್ಲಾ ಡಾಕ್ಟರಾದರು. ಒಬ್ಬರು ಬಾಳೆದಿಂಡಿನ ರಸ ಅಂದರು, ಒಬ್ಬರು ಹುರುಳಿಕಟ್ಟು ಅಂದರು. ಒಬ್ಬರು ಬೀರು ಕುಡಿ, ಕಲ್ಲು ಕೊಚ್ಚಿಕೊಂಡು ಹೋಗುತ್ತೆ ಅಂದರು. ಚಿಕ್ಕಪ್ಪ ಆ ಮಾತಿಗೆ ಸ್ವಲ್ಪ ಖುಷಿಯಾದ ಹಾಗಿತ್ತು. ಡಾಕ್ಟರ ಹತ್ತಿರ ಕೇಳಿ ಬೈಸಿಕೊಂಡರು. ಬಾಳೆದಿಂಡಿನ ಪಲ್ಯ, ಹುರುಳಿ ಸಾರು ಊಟಕ್ಕೆ ತಿನ್ನಿ, ಬೇಡ ಅನ್ನಲ್ಲ, ಆದರೆ ಅದನ್ನೇ ನಂಬಿ ಸ್ಕ್ಯಾನಿಂಗ್ ಬಿಡಬೇಡಿ ಅಂದರಂತೆ. ನೋವು ಜೋರಾಗಿರುವಾಗ ಬಿಂದಿಗೆಗಟ್ಟಲೆ ನೀರು ಕುಡಿದರೆ ಕಲ್ಲು ತಳ್ಳಿಕೊಂಡು ಬರುತ್ತೆ ಅನ್ನುವುದೂ ಸರಿಯಲ್ಲವಂತೆ. ಆಗ ವಾಂತಿ ಬರುತ್ತಿರುತ್ತದೆ, ಗುಟುಕು ಗುಟುಕಾಗಿ ಕುಡಿದರೆ ಸಾಕು. ಹೆಚ್ಚು ನೀರು ಕುಡಿಯಬೇಕಾದ್ದು ನೋವಿಲ್ಲದ ದಿನಗಳಲ್ಲಿ, ಮುಂದಿನ ಕಲ್ಲು ಆಗದಿರಲಿ ಅಂತ.

ಟೊಮೆಟೊ ಬೀಜ, ಬದನೆ ಬೀಜ ಹೋಗಿ ಕಿಡ್ನಿಯಲ್ಲಿ ಕೂತು ಕಲ್ಲಾಗುತ್ತದೆ ಅಂತ ನಾನೂ ನಂಬಿದ್ದೆ. ಊಟ ಹೋಗುವ ದಾರಿಯೇ ಬೇರೆ, ಮೂತ್ರದ ದಾರಿಯೇ ಬೇರೆ. ಬೀಜ ಕಿಡ್ನಿಗೆ ಹೋಗಲು ದಾರಿಯೇ ಇಲ್ಲ. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ ಇದೆ, ಕಲ್ಲು ಬಂದವರು ಅದನ್ನು ಕಡಿಮೆ ಮಾಡಬೇಕು. ಕ್ಯಾಲ್ಸಿಯಂ ಕಲ್ಲು ಅಂತ ಹಾಲು ಮೊಸರು ಬಿಡಬಾರದು. ಊಟದ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಹೊರಗೆ ಹಾಕುತ್ತದೆ. ಇದು ನನಗೆ ತುಂಬಾ ಆಶ್ಚರ್ಯ ಆಯಿತು. ಉಪ್ಪು ಕಡಿಮೆ ಮಾಡಬೇಕು. ನಿಂಬೆಹಣ್ಣಿನ ರಸ ಒಳ್ಳೆಯದು, ಅದರ ಸಿಟ್ರೇಟ್ ಹರಳು ಕಟ್ಟದಂತೆ ತಡೆಯುತ್ತದೆ.

ಕಲ್ಲು ದೊಡ್ಡದಿದ್ದರೆ ಮೊದಲು ಹೊಟ್ಟೆ ಕೊಯ್ಯಬೇಕಾಗಿತ್ತು. 1980ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮೊದಲ ಸಲ ಒಬ್ಬ ರೋಗಿಯ ಕಲ್ಲನ್ನು ಹೊರಗಿನಿಂದಲೇ ಆಘಾತದ ಅಲೆಗಳಿಂದ ಪುಡಿ ಮಾಡಿದರು. ಈಗ ಸಣ್ಣ ಕೊಳವೆ ಹಾಕಿ ಲೇಸರಿನಿಂದಲೂ ಒಡೆಯುತ್ತಾರೆ.

ಒಂದು ವಿಷಯ ಬರೆಯಬೇಕೋ ಬೇಡವೋ ಅಂತ ಮೇಷ್ಟ್ರನ್ನು ಕೇಳಿದೆ. "ಇದ್ದದ್ದನ್ನ ಬರಿ" ಅಂದರು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನೂ ಕೇಳಿದರು, "ನೀನು ಶಾಲೆಯಲ್ಲಿ ಎಷ್ಟು ಸಲ ಒಂದಕ್ಕೆ ಹೋಗ್ತೀಯಮ್ಮ?" ಅಂತ. ನಾನು ಇಲ್ಲ ಅಂದೆ. "ಒಂದು ಸಲನೂ ಇಲ್ವಾ?" ಅಂದರು. ನಾವು ಹುಡುಗಿಯರು ಯಾರೂ ಹೋಗುವುದಿಲ್ಲ. ಬಾಗಿಲಿನ ಚಿಲಕ ಕಿತ್ತುಹೋಗಿದೆ, ಒಳಗೆ ನೀರು ಬರುವುದಿಲ್ಲ. ಹೋಗಬಾರದು ಅಂತಲೇ ಬೆಳಿಗ್ಗೆಯಿಂದ ಬಾಟಲಿ ಮುಚ್ಚಳ ತೆರೆಯುವುದಿಲ್ಲ, ಮಧ್ಯಾಹ್ನ ಊಟದ ಜೊತೆಗೂ ಎರಡು ಗುಟುಕು ಅಷ್ಟೆ. ತಡೆದುಕೊಂಡರೆ ಸೋಂಕು ಆಗುವ ಸಂಭವ, ಕುಡಿಯದಿದ್ದರೆ ಕಲ್ಲು ಆಗುವ ಸಂಭವ. ಚಿಕ್ಕಪ್ಪನಿಗೆ ಕಾಡಿನಲ್ಲಿ ನೀರು ಸಿಗುವುದಿಲ್ಲ. ನಮಗೆ ನೀರು ಬ್ಯಾಗಿನಲ್ಲೇ ಇದೆ. ಕೇರಳದ ಕೆಲವು ಶಾಲೆಗಳಲ್ಲಿ 2019ರಲ್ಲಿ ಮಕ್ಕಳು ನೀರು ಕುಡಿಯಲಿ ಅಂತಲೇ ಬೇರೆ ಗಂಟೆ ಹೊಡೆಯಲು ಶುರು ಮಾಡಿದರು. ನಮ್ಮಲ್ಲಿ ಗಂಟೆಗಿಂತ ಮೊದಲು ಚಿಲಕ ಆಗಬೇಕು. ಚಿಲಕ ಹಾಕಲು ನಮ್ಮ ಅಪ್ಪ ಬರುತ್ತೇನೆ ಅಂದಿದ್ದಾರೆ, ಹೆಡ್‌ಮಾಸ್ಟರು ಒಪ್ಪಿಗೆ ಕೊಟ್ಟರೆ ಭಾನುವಾರವೇ ಹಾಕಬಹುದು.

ಸಾಕಷ್ಟು ನೀರು ಕುಡಿಯುತ್ತಿದ್ದೇವೋ ಇಲ್ಲವೋ ಅಂತ ಮೂತ್ರದ ಬಣ್ಣವೇ ಹೇಳುತ್ತದೆ. ಒಣಹುಲ್ಲಿನ ತಿಳಿ ಬಣ್ಣ ಇದ್ದರೆ ಸರಿ. ಕಡು ಹಳದಿ ಇದ್ದರೆ ಸಾಲದು. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಹಳದಿ ಹೋಗುತ್ತದೆ, ಅದು ಲೆಕ್ಕಕ್ಕಿಲ್ಲ.

ಚಿಕ್ಕಪ್ಪನ ಕಲ್ಲು ಹನ್ನೆರಡನೇ ದಿನ ಜಾಲರಿಯಲ್ಲಿ ಸಿಕ್ಕಿತು. ಎರಡು ವಾರ ಬಿಟ್ಟು ಮತ್ತೆ ಸ್ಕ್ಯಾನಿಂಗ್ ಮಾಡಿಸಿದರು, ಊತ ಇಳಿದಿತ್ತು. ಆದರೆ ಬಲಗಡೆ ಇನ್ನೊಂದು 3 ಮಿಲಿಮೀಟರಿನದು ಸುಮ್ಮನೆ ಕೂತಿದೆಯಂತೆ. ಅದಕ್ಕೇ ಈಗ ಅವರು ಎರಡು ದೊಡ್ಡ ಬಾಟಲಿ ಹೊತ್ತುಕೊಂಡು ಹೋಗುತ್ತಾರೆ, ನಾಯಿಯ ಪಾಲು ಬೇರೆ. ಬಿದ್ದ ಕಲ್ಲನ್ನು ಲ್ಯಾಬಿಗೆ ಕೊಟ್ಟರೆ ಯಾವ ಜಾತಿಯದು ಅಂತ ಸರಿಯಾಗಿ ಗೊತ್ತಾಗುತ್ತದೆ ಅಂದರೂ ಅವರು ಕೊಡಲಿಲ್ಲ. "ಇಷ್ಟು ಕಷ್ಟ ಕೊಟ್ಟು ಹೊರಗೆ ಬಂದೈತೆ, ಮನ್ಯಾಗೇ ಇರ್ಲಿ" ಅಂದರು. ನನ್ನ ಪ್ರಕಾರ ಕೊಡಬೇಕಿತ್ತು. ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ ಇಟ್ಟಿದ್ದನ್ನು ನಾನು ಕೇಳಿ ತಂದಿದ್ದೇನೆ. ಕಂದು ಬಣ್ಣ, ಮೇಲೆಲ್ಲಾ ನೆಗ್ಗಿಲುಮುಳ್ಳಿನ ಹಾಗೆ ಮುಳ್ಳುಮುಳ್ಳು. ವಿಜ್ಞಾನದ ಬೀರುವಿನಲ್ಲಿ ಇದೆ. ನೋಡಬೇಕೆನ್ನುವವರು ಮಧ್ಯಾಹ್ನದ ಬಿಡುವಿನಲ್ಲಿ ಮೇಷ್ಟ್ರನ್ನು ಕೇಳಿ ಭೂತಗನ್ನಡಿಯಲ್ಲಿ ನೋಡಬಹುದು. ಶನಿವಾರ ವಾಪಸ್ ಕೊಡಬೇಕು, ಅಷ್ಟರೊಳಗೆ ನೋಡಿ.